ಓಡಿಲಿಯಾಳ ಲೋಟ

ಶೆಲಾ, ಗ್ವಾಟೆಮಾಲಾ
ನವೆಂಬರ್ ೯, ಭಾನುವಾರ

ನನ್ನ ಚಿನ್ನದಂಥ ನೋಹೆಮಿ ಅಕ್ಕನಿಗೆ ಹೊಸ ಮದುಮಗಳ ಸಾವಿರ ಮುತ್ತುಗಳು!

ಫೋನ್ ಬಿಟ್ಟು ಕಾಗದವೇಕೆ ಎಂದು ನಗಬೇಡ. ಈ ಮನೆಯ ಗೋಡೆಗಳು ತೆಳು, ಪಕ್ಕದ ಕೋಣೆಯಲ್ಲಿ ಅತ್ತೆ ಇದ್ದಾರೆ. ಮೊದಲು ಸಿಹಿ ಸುದ್ದಿ: ಎಲ್ಮೆರ್ ಈಗಲೂ ನನ್ನ ಮುಖ ನೋಡಿದರೆ ಕೆಂಪಾಗುತ್ತಾನೆ! ನೋಡುವುದೇ ಅಪರೂಪ ಅನ್ನು. ನಾನು ಪಾಳಿ ಮುಗಿಸಿ ಬರುವ ಹೊತ್ತಿಗೆ ಅವನು ಬಸ್ ಓಡಿಸಲು ಹೊರಟಿರುತ್ತಾನೆ. "ಬಂದ್ಯಾ ಗೂಬೆ?" ಎನ್ನುತ್ತಾನೆ. "ಹೊರಟ್ಯಾ ಹುಂಜ?" ಎನ್ನುತ್ತೇನೆ. ಬಾಗಿಲಲ್ಲೇ ಒಂದು ಅಪ್ಪುಗೆ. ಅಷ್ಟೇ ನಮ್ಮ ಸಂಸಾರ, ಆದರೆ ಎಂಥ ಅಪ್ಪುಗೆ!

ಕಾನ್ವೆಂಟಿನ ಇಂಗ್ಲಿಷ್ ಈಗ ಅನ್ನ ಹಾಕುತ್ತಿದೆ. ಯಾವುದೋ ದೇಶದ ಹೋಟೆಲಿನಲ್ಲಿ ಕೀಲಿ ಕಳೆದುಕೊಂಡವರನ್ನು ರಾತ್ರಿಯಿಡೀ ಫೋನಿನಲ್ಲಿ ಸಮಾಧಾನ ಮಾಡುವ ಕೆಲಸ. ಮಧ್ಯೆ ಎಲ್ಲರೂ ಕರಿದ ಕೋಳಿ, ಕಪ್ಪು ಕಾಫಿ ತರಿಸುತ್ತಾರೆ. ನಾನೂ ಸೇರುತ್ತಿದ್ದೆ. ಆಮೇಲೆ ಗಂಟಲಿನವರೆಗೆ ಹುಳಿನೀರು, ಎದೆಯಲ್ಲಿ ಬೆಂಕಿ! ಮಾತ್ರೆಗಳನ್ನು ಪೆಪ್ಪರಮೆಂಟಿನಂತೆ ಚೀಪುತ್ತಿದ್ದೆ. ಹೆದರಬೇಡ, ಈಗ ಜಾಣೆಯಾಗಿದ್ದೇನೆ. ಹೊರಡುವ ಮೊದಲೇ ಊಟ, ನಡುವೆ ಒಂದು ಬಾಳೆಹಣ್ಣು, ಕಾಫಿ ಬಂದ್. ಬಂದ ತಕ್ಷಣ ಮಲಗುವುದಿಲ್ಲ, ಮಲಗಿದರೂ ತಲೆಗೆ ಎರಡು ದಿಂಬು. ಎಷ್ಟೋ ವಾಸಿ.

ಆದರೆ ವಾಸಿಯಾದದ್ದು ಇದರಿಂದಲ್ಲ ಅನ್ನಿಸುತ್ತದೆ. ಅದಕ್ಕೇ ಈ ಕಾಗದ.

ಎಲ್ಮೆರ್‌ನ ತಂಗಿ ಓಡಿಲಿಯಾಳನ್ನು ನೀನು ನೋಡಿಲ್ಲ, ನಾನೂ ನೋಡಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಅವಳಿಗೂ ಹೀಗೇ ಎದೆಯುರಿ. ಮಾತ್ರೆ ನುಂಗಿ ಸುಮ್ಮನಿರುತ್ತಿದ್ದಳಂತೆ. ಹೋದ ವರ್ಷ ಒಂದು ಬೆಳಿಗ್ಗೆ ರಕ್ತ ಕಾರಿಕೊಂಡು ಹೋಗಿಬಿಟ್ಟಳು. ಬೆಳಕು ಬೀಳದ ಕೋಣೆಯೆಂದು ನಾನು ಹಗಲು ಮಲಗುವುದು ಅವಳ ಮಂಚದಲ್ಲೇ.

ಸತ್ತವರ ಹಬ್ಬಕ್ಕೆ ಅತ್ತೆ ಅವಳ ಫೋಟೋ ಮುಂದೆ ಹಳದಿ ಹೂ, ಬ್ರೆಡ್ಡು, ದೂರದಿಂದ ಬಾಯಾರಿ ಬರುವ ಜೀವಕ್ಕೆಂದು ಒಂದು ಲೋಟ ನೀರು ಇಟ್ಟಿದ್ದರು. ಗಂಟಲು ಉರಿಯುತ್ತ ಬಂದವಳು ಮಬ್ಬುಗತ್ತಲಲ್ಲಿ ಕೈಗೆ ಸಿಕ್ಕಿದ ಲೋಟ ಎತ್ತಿ ಗಟಗಟ ಕುಡಿದುಬಿಟ್ಟೆ, ಅಕ್ಕ! ಸ್ವಲ್ಪ ಹೊತ್ತಿಗೆಲ್ಲ ಅತ್ತೆಯ ಕೂಗು: "ಕುಡಿದಿದ್ದಾಳೆ! ನನ್ನ ಮಗಳು ಬಂದು ಕುಡ್ಕೊಂಡು ಹೋಗಿದ್ದಾಳೆ!" ಆವಿಯಾಗಿರ್ತದೆ ಬಿಡಮ್ಮ ಎಂದ ಎಲ್ಮೆರ್‌ಗೆ, "ಬಾಯ್ಮುಚ್ಚೋ, ಇದು ನಿನ್ನ ಬಸ್ಸಿನ ಹೊಗೆ ಅಲ್ಲ" ಎಂದು ಬೈದರು. ಅಳುತ್ತಿದ್ದರು, ನಗುತ್ತಲೂ ಇದ್ದರು. ನಾನು ಹೇಗೆ ಬಾಯಿ ಬಿಡಲಿ?

ಹಬ್ಬ ಮುಗಿದರೂ ಅವರು ಲೋಟ ತೆಗೆಯಲಿಲ್ಲ. ಮರುದಿನ ಬಂದಾಗ ಅದು ತುಂಬಿತ್ತು. ಖಾಲಿಯಾಗದಿದ್ದರೆ ಅವರ ಎದೆ ಒಡೆಯುತ್ತದಲ್ಲ ಎಂದು ಎತ್ತಿದೆ. ನೀರಲ್ಲ. ಬೆಚ್ಚಗಿನ ಪೆರಿಕೋನ್ ಸೊಪ್ಪಿನ ಕಷಾಯ, ಸೋಂಪಿನ ಘಮ. ಒಂದೇ ಗುಟುಕಿಗೆ ಉರಿ ತಣಿಯಿತು. ಅಂದಿನಿಂದ ದಿನವೂ. ಕುಡಿಯುವಾಗ ಫೋಟೋ ಕಡೆ ನೋಡುವುದಿಲ್ಲ. ಮಲಗಿದರೆ ದಿಂಬಿನಲ್ಲೂ ಅದೇ ಘಮ. ಒಮ್ಮೊಮ್ಮೆ ಯಾರೋ ಕೂತಂತೆ ಮಂಚದ ತುದಿ ಕುಸಿಯುತ್ತದೆ. ಎಲ್ಮೆರ್ ಇರಬೇಕು ಎಂದುಕೊಂಡು ಕಣ್ಣು ತೆರೆಯುವುದಿಲ್ಲ. ಎಲ್ಮೆರ್ ಆಗ ಊರಾಚೆ ಬಸ್ಸಿನಲ್ಲಿರುತ್ತಾನೆ.

ಇಂದು ಬೆಳಿಗ್ಗೆ ಲೋಟ ತುಟಿಗಿಟ್ಟಿರುವಾಗಲೇ ಅತ್ತೆ ಹಿಡಿದರು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನೋಡಿದರೆ ನಗುತ್ತಿದ್ದಾರೆ. "ಮೊದಲನೇ ದಿನ ಲೋಟ ತೊಳೆಯುವಾಗಲೇ ಗೊತ್ತಾಯ್ತು ಕಣೇ. ಸತ್ತವರು ಲಿಪ್‌ಸ್ಟಿಕ್ ಮೆತ್ತಿ ಹೋಗ್ತಾರಾ? ಹೋಗ್ಲಿ, ನೀನಾದ್ರೂ ಕುಡೀತೀಯಲ್ಲ ಅಂತ ತುಂಬಿಸ್ತಾ ಬಂದೆ." ಎಂಥ ಅತ್ತೆ ಸಿಕ್ಕಿದ್ದಾರೆ ನೋಡು! ನಾನು ಸುಖವಾಗಿದ್ದೇನೆಂದು ಅಮ್ಮನಿಗೆ ಹೇಳು.

ನಿನ್ನ ಗೂಬೆ ತಂಗಿ,
ಲಿಸ್ಬೆತ್

ತಾ.ಕ.: ಕಾಗದ ಮಡಚಿಟ್ಟು ಅಡುಗೆಮನೆಗೆ ಹೋಗಿ, ನಿಮ್ಮ ಕಷಾಯದಿಂದಲೇ ಬದುಕಿದೆ ಅತ್ತೆ ಎಂದೆ. "ಯಾವ ಕಷಾಯನೇ? ನಾನಿಟ್ಟಿದ್ದು ಬರೀ ನೀರು" ಎಂದರು. ಪೆರಿಕೋನ್ ಕುದಿಸಿಕೊಳ್ಳುತ್ತಿದ್ದವಳು ಓಡಿಲಿಯಾ. ಅವಳು ಹೋದ ಮೇಲೆ ಆ ಸೊಪ್ಪನ್ನು ಮನೆಯೊಳಗೇ ತಂದಿಲ್ಲವಂತೆ. ಲೋಟ ಎತ್ತಿ ಮೂಸಿದೆವು, ಮೊದಲು ನಾನು, ಆಮೇಲೆ ಅವರು. ಅದು ಇನ್ನೂ ಬೆಚ್ಚಗಿತ್ತು. ಅತ್ತೆ ಲೋಟ ಕೆಳಗಿಟ್ಟರು. ಆಮೇಲೆ ನನ್ನ ಗಲ್ಲ ಹಿಡಿದು, ಮಗಳನ್ನು ಎಂದೂ ಕೇಳದೆ ಹೋದದ್ದನ್ನು ಕೇಳಿದರು: "ನಿಜ ಹೇಳು ಮಗಳೇ, ಕಕ್ಕಸಿಗೆ ಹೋದ್ರೆ ಕಪ್ಪಗೆ ಹೋಗ್ತಿದೆಯಾ?"

ಮೇಲೆ ವಾಸಿಯಾಗಿದೆ ಎಂದು ಬರೆದದ್ದು ಸುಳ್ಳು, ಅಕ್ಕ. ಕೆಲವು ದಿನಗಳಿಂದ ಡಾಂಬರಿನಂತೆ ಹೋಗುತ್ತಿದೆ. ಹೊಟ್ಟೆಯೊಳಗೆ ರಕ್ತ ಸೋರಿದರೆ ಹಾಗಾಗುತ್ತದೆಂದು ಓಡಿಲಿಯಾ ಹೋದ ಮೇಲೆ ಡಾಕ್ಟರು ಅತ್ತೆಗೆ ಹೇಳಿದ್ದರಂತೆ. ಎಲ್ಮೆರ್‌ಗೂ ಹೇಳಿರಲಿಲ್ಲ. ಹೂಂ ಎಂದೆ. ಅತ್ತೆ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಾರೆ, ಆಸ್ಪತ್ರೆಗೆ ಹೋಗಲು, ಇಂದು ರಜೆಯಲ್ಲಿರುವ ಎಲ್ಮೆರ್ ತನ್ನ ಬಸ್ಸನ್ನೇ ತರಲು ಓಡಿದ್ದಾನೆ. ಅಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಲೋಟ ತೊಳೆದು ನೀರು ತುಂಬಿಸಿ ಫೋಟೋ ಮುಂದೆ ನಾನೇ ಇಟ್ಟೆ. ಇಷ್ಟು ದಿನ ಅವಳ ಪಾಲನ್ನೆಲ್ಲ ನಾನೇ ಕುಡಿದೆ. ಅವಳಿಗೂ ಇನ್ನೂ ಉರಿಯುತ್ತಿರಬಹುದು.