ಮಾರಕ್ಕನ ಫ್ರಿಜ್ಜಿನಲ್ಲಿ ಉಳಿದ ಬಾಟಲಿ

ಅಮ್ಮಾ,

ಸಕ್ಕರೆ ಏರಿ ನೀನು ಹೋಗಿ ತಿಂಗಳಾಯಿತು. ಇವತ್ತು ಪಕ್ಕದ ಮನೆ ಮಾರಕ್ಕ ತಮ್ಮ ಫ್ರಿಜ್ಜಿನಲ್ಲಿದ್ದ ನಿನ್ನ ಇನ್ಸುಲಿನ್ ಬಾಟಲಿ ತಂದುಕೊಟ್ಟರು. ಯುಗಾದಿಗೆ ನಾನು ತಂದಿದ್ದು, ನೀನು ಹೋಗುವ ಹೊತ್ತಿಗೆ ಮುಗಿದಿರಬೇಕಿತ್ತು, ಇನ್ನೂ ಅರ್ಧ ಹಾಗೇ ಇದೆ.

"ದಿನಾ ಬಂದು ಸಿರಿಂಜಿಗೆ ಎಳ್ಕೊಳ್ಳೋಳು, ಅರ್ಧ ತಿರ್ಗಾ ಬಾಟ್ಲಿಗೇ ಬಿಡೋಳು ಕಣಮ್ಮಾ. ಹಾಕ್ಕೊಳ್ಳೋದೇ ಹಂಗೇನೋ ಅಂದ್ಕೊಂಡಿದ್ದೆ," ಅಂದರು.

ಅವರಿಗೆ ಕಾಫಿ ಕೊಟ್ಟೆ.

ದೊಡ್ಡಬಳ್ಳಾಪುರದಿಂದ ಇದನ್ನು ತಂದ ದಿನ ನನ್ನ ಗಾರ್ಮೆಂಟ್ಸ್ ಸಂಬಳ ಬಾಡಿಗೆಗೂ ರೇಷನ್ನಿಗೂ ಮುಗಿದಿತ್ತು. ಬಸ್ಸಿನಲ್ಲಿ ನಿಂತು ಬಂದ ಸುಸ್ತು ಬೇರೆ. ಬಾಟಲಿಯನ್ನು ನಿನ್ನ ಕೈಗಿಡುತ್ತಾ, "ಹಳೇದು ಇಷ್ಟು ಬೇಗ ಮುಗಿಸ್ಬಿಟ್ಯಾ?" ಎಂದು ಕೇಳಿದ್ದೆ.

"ಇನ್ಮೇಲೆ ನೋಡ್ಕೊಂಡು ಹಾಕ್ಕೋತೀನಿ ಬಿಡಮ್ಮಾ," ಅಂದಿದ್ದೆ ನೀನು.

ನಾನು ಸರಿ ಅಂದಿದ್ದೆ.