ಗಂಗವ್ವನ ಮನೆಗೆ ಹೋದ ಕಾರ್ಡು

ಮಾಸ್ತರರೇ,

ನೀವು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಇಡೀ ಇಳಕಲ್ಲು ನಿಮ್ಮನ್ನು ಹಾಗೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ನೀವು ತೀರಿಕೊಂಡು ವರ್ಷ ತುಂಬುತ್ತ ಬಂತು. ನೀವು ನಡೆಸುತ್ತಿದ್ದ ಗ್ರಂಥಾಲಯದ ಕೀಲಿಕೈ ಈಗ ನನ್ನ ಸೊಂಟದಲ್ಲಿದೆ. ನೀವಿದ್ದಾಗ ಹೇಳಬೇಕಾಗಿದ್ದ ಒಂದು ಮಾತು ಮಾತ್ರ ಇನ್ನೂ ಹಾಗೇ ಉಳಿದಿದೆ.

ಊರಿಗೆ ಟಿವಿ ಬರುವ ಮೊದಲಿನ ಆ ಶನಿವಾರಗಳು ನೆನಪಾಗುತ್ತವೆ. ಮಧ್ಯಾಹ್ನವಾಗುತ್ತಲೇ ಕಿಟಕಿ ಪಕ್ಕದ ದೊಡ್ಡ ಮೇಜನ್ನು ಹೈಸ್ಕೂಲು ಮಕ್ಕಳಿಗೆಂದು ಖಾಲಿ ಮಾಡಿಸುತ್ತಿದ್ದಿರಿ. "ಏಳ್ರಿ ಗೌಡ್ರ, ನಿಮ್ಮ ಪೇಪರ್ ಎಲ್ಲೂ ಓಡಿ ಹೋಗಂಗಿಲ್ಲ. ಹುಡುಗ್ರು ಬಂದ್ರು," ಎನ್ನುತ್ತಿದ್ದಿರಿ. ಹಿರಿಯರು ಗೊಣಗುತ್ತ ಏಳುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದವಳು ಒಂಬತ್ತನೆಯ ಇಯತ್ತೆಯ ಗಂಗವ್ವ. ನೇಕಾರರ ಮಗಳು, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಟ್ಟು ಓಡಿ ಬರುತ್ತಿದ್ದಳು. ಹೊಸ ಪುಸ್ತಕ ಬಂದರೆ ನೀವು ಅವಳಿಗೆಂದು ಎತ್ತಿಡುತ್ತಿದ್ದಿರಿ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಈಗ ಮುಚ್ಚಿಟ್ಟು ಏನು?

ಕಣ್ಣಿನ ಆಪರೇಷನ್ನಿಗೆಂದು ನೀವು ಬಾಗಲಕೋಟೆಗೆ ಹೋದ ಆ ಹದಿನೈದು ದಿನ... ನಾನು ನಿಮ್ಮ ಕೈಕೆಳಗೆ ಕೆಲಸಕ್ಕೆ ಸೇರಿ ಆಗಿನ್ನೂ ಮೂರು ತಿಂಗಳು. ರಿಜಿಸ್ಟರ್ ತೆಗೆದರೆ ಗಂಗವ್ವನ ಪುಸ್ತಕ ವಾಯಿದೆ ಮೀರಿ ತಿಂಗಳಾಗಿತ್ತು. ಗಂಡಸರ ಮನೆಗೆ ನೀವು ನೆನಪಿನ ಕಾರ್ಡು ಹಾಕುತ್ತಿದ್ದಿರಿ. ಹುಡುಗಿಯರ ಮನೆಗೆ ಒಂದೂ ಇಲ್ಲ. ಶಾಲೆಯ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ, "ಓದಿ ಮುಗೀತೇನವಾ?" ಎಂದು ಕೇಳಿದರೆ ನಿಮ್ಮ ಕೆಲಸ ಆಯಿತು. ಇದೆಂಥ ಶಿಸ್ತು ಎಂದುಕೊಂಡೆ. ಕಾರಣ ನಾನು ಕೇಳಿರಲಿಲ್ಲ, ನೀವೂ ಹೇಳಿರಲಿಲ್ಲ. ಕಾರ್ಡು ಬರೆದೆ. ಪುಸ್ತಕದ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದೆ. ಕೊನೆಗೆ ನಿಮ್ಮ ಹೆಸರಿನ ಮೊಹರು ಒತ್ತಿದೆ.

ಎರಡೇ ದಿನಕ್ಕೆ ಅವಳ ತಂದೆ ಬಂದರು. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಆ ಪ್ರೇಮದ ಕಾದಂಬರಿ. "ಸಾಲಿ ಪುಸ್ತಕ ಓದ್ತಾಳಂತ ತಿಳ್ಕೊಂಡಿದ್ವಿ. ಆಕಿ ಹೆಸರು ಹೊಡದ ಹಾಕ್ರಿ," ಅಂದರು. ಹೊಡೆದು ಹಾಕಿದೆ. ಅವರು ಶಾಲೆಯನ್ನೂ ಬಿಡಿಸಿದರು. ಮುಂದಿನ ಬೇಸಿಗೆಗೆ ಹುನಗುಂದಕ್ಕೆ ಕೊಟ್ಟು ಮದುವೆ ಮಾಡಿದರು.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮರಳಿದ ದಿನ ನೀವು ಮೊದಲು ಕೇಳಿದ್ದೇ ಅವಳನ್ನು. "ಎಲ್ಲೆದಾಳಬೇ ನಮ್ಮ ಗಂಗವ್ವ?"

"ಬರೂದು ಬಿಟ್ಟಾಳ್ರಿ. ಓದೂದು ಸಾಕಾಗಿರಬೇಕು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನೀವು ಅವಳಿಗೆಂದು ತೆಗೆದಿಟ್ಟಿದ್ದ ಪುಸ್ತಕವನ್ನು ಕಪಾಟಿಗೆ ಸೇರಿಸಿದಿರಿ. ಮದುವೆಯ ಸುದ್ದಿ ಬಂದಾಗಲೂ "ಅದಕ್ಕ ಬಿಟ್ಟಾಳ ತಗೋ" ಅಂದಿರಿ. ಆಮೇಲೆ ಎಂಟು ವರ್ಷ ಒಂದೇ ಕೋಣೆಯಲ್ಲಿ ಕೂತೆವು. ಒಂದು ದಿನವಾದರೂ ನಾನು ಬಾಯಿ ಬಿಟ್ಟು... ಕಾರ್ಡು ಮಾತ್ರ ಮತ್ತೆ ಯಾವ ಹುಡುಗಿಯ ಮನೆಗೂ ಹಾಕಲಿಲ್ಲ. ಈಗ ಶಾಲೆಯ ಗೇಟಿಗೆ ನಾನೇ ಹೋಗುತ್ತೇನೆ.

ಹೋದ ವಾರ ಬಸ್ಸು ಹತ್ತಿ ಹುನಗುಂದಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗಂಗವ್ವ ಗುರುತು ಹಿಡಿದು ಒಳಗೆ ಕರೆದಳು, ಚಹಾ ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು: "ಅಕ್ಕಾರ, ಮಾಸ್ತರಗ ನಾ ಏನ್ ಮಾಡಿದ್ನಿರಿ? ಅವರು ಯಾಕ ಹಂಗ ಕಾರ್ಡ ಹಾಕಿದ್ರು?"

ಇಷ್ಟು ವರ್ಷ ಅವಳು ನಿಮ್ಮನ್ನು ದೂರುತ್ತ ಬದುಕಿದ್ದಳು! ಕಾರ್ಡಿನ ಮೇಲಿದ್ದದ್ದು ನಿಮ್ಮ ಮೊಹರಲ್ಲವೇ. ಬರೆದದ್ದು ನಾನು ಎಂದು ಹೇಳಿದೆ. ನಿಮಗೆ ಸುಳ್ಳು ಹೇಳಿದ್ದನ್ನೂ, ನೀವು ತೀರಿಕೊಂಡದ್ದನ್ನೂ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಪ್ಪಾಯಿತು ಎಂದು ಕೈ ಮುಗಿದೆ.

"ನನಗ ಕೈ ಮುಗದು ಏನ್ ಮಾಡ್ತೀರಿ?" ಅಂದಳು. "ಅವರಿಗೆ ಹೇಳಬೇಕಾಗಿತ್ತು."

ಹೇಳುತ್ತಿದ್ದೇನೆ, ಮಾಸ್ತರರೇ. ಗಂಗವ್ವನಿಗೆ ಓದುವುದು ಸಾಕಾಗಿರಲಿಲ್ಲ. ಬಿಡಿಸಿದವಳು ನಾನು.