ಬಾಗಿಲ ಮೇಲಿನ ಸೋಪಿನ ಡಬ್ಬಿ

ನನ್ನ ಲಿಫ್ಟ್ ಮೆಕ್ಯಾನಿಕ್ ಸಾಹೇಬರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ಯಾವ ಹೆಂಡತಿ ಎಂದು ಕೇಳಬೇಡಿ, ನಿಮಗಿರುವವಳು ನಾನೊಬ್ಬಳೇ. ಈ ಕಾಗದವನ್ನು ನೀವು ಓದುವುದಿಲ್ಲ ಎಂದು ಗೊತ್ತು. ಆದರೆ ನಿಮ್ಮ ಸೋಪಿನ ಡಬ್ಬಿ ಕೊನೆಗೂ ಸರಿಹೋಯಿತು. ಆ ಸುದ್ದಿಯನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ನಾನು ಅಳುತ್ತಾ ಕುಳಿತೆ. ನೀವು ಮಾತ್ರ ಇಸ್ಪೀಟು ಎಲೆಯಷ್ಟಗಲದ ಒಂದು ಪುಟ್ಟ ಕಂಪ್ಯೂಟರ್ ತಂದು, ಸೋಪಿನ ಡಬ್ಬಿಯೊಳಗೆ ಕೂರಿಸಿ, ಮುಂಬಾಗಿಲ ಮೇಲೆ ಮೊಳೆ ಹೊಡೆದು ನಿಲ್ಲಿಸಿದಿರಿ. ಬಾಗಿಲು ತೆರೆದರೆ ಅದು ವೈಫೈ ಮೂಲಕ ಸುದ್ದಿ ಕಳಿಸಬೇಕು, ಹೊಲಿಗೆ ಅಂಗಡಿಯಲ್ಲಿ ನನ್ನ ಮೊಬೈಲ್ ಹೊಡೆದುಕೊಳ್ಳಬೇಕು. "ನಾನು ಎಲ್ಲಿಗಾದ್ರೂ ಹೊರಟುಬಿಟ್ರೆ ನಿಂಗೆ ಗೊತ್ತಾಗ್ಬೇಕಲ್ಲೇ" ಎಂದಿರಿ. ತನ್ನ ಕಾವಲಿಗೆ ತಾನೇ ಆಳಿಟ್ಟುಕೊಂಡ ಗಂಡಸು ಲೋಕದಲ್ಲಿ ನೀವೊಬ್ಬರೇ ಎಂದು ರೇಗಿಸಿದೆ. ಇಬ್ಬರೂ ನಕ್ಕೆವು.

ಆ ಡಬ್ಬಿಗೊಂದು ಕೆಟ್ಟ ಚಾಳಿಯಿತ್ತು. ಕರೆಂಟ್ ಹೋಗಿ ಬಂದರೆ ತಾನು ಥಟ್ಟನೆ ಎದ್ದು ಕೂರುತ್ತಿತ್ತು. ವೈಫೈ ಪೆಟ್ಟಿಗೆ ಮೈ ಮುರಿಯುತ್ತಾ ನಿಧಾನವಾಗಿ ಏಳುತ್ತಿತ್ತು. ಇದು ಕೂಗಿದಾಗ ಅದು ಓಗೊಡದಿದ್ದರೆ ಮುಗಿಯಿತು, ಡಬ್ಬಿ ಮುನಿಸಿಕೊಂಡು ಕುಳಿತುಬಿಡುತ್ತಿತ್ತು. ಯಾರಾದರೂ ಆರಿಸಿ ಹಚ್ಚುವವರೆಗೂ ಮತ್ತೆ ವೈಫೈ ಹಿಡಿಯುತ್ತಿರಲಿಲ್ಲ. "ಅದಕ್ಕೊಂದು ನಾಲ್ಕು ಸಾಲು ಪ್ರೋಗ್ರಾಂ ಬರೆದ್ರೆ ಸಾಕು, ನಾಳೆ ಮಾಡ್ತೀನಿ" ಎನ್ನುತ್ತಿದ್ದಿರಿ. ನಾಳೆ ನಾಳೆ ಎನ್ನುತ್ತಲೇ ಆ ಡಬ್ಬಿ ಏನೆಂಬುದೇ ನಿಮಗೆ ಮರೆತುಹೋಯಿತು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು, ನೀವು ಬಾಗಿಲು ತೆರೆದು ಹೊರಟಿರಿ. ನಾನು ಯಾರದೋ ಕೋಟಿನ ಗುಂಡಿಗೆ ಕಾಜಾ ಹಾಕುತ್ತಿದ್ದೆ, ಮೊಬೈಲ್ ತೆಪ್ಪಗಿತ್ತು. ನೀವು ಮೊದಲು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲಿ ಸಿಕ್ಕಿದಿರಿ. ಲಿಫ್ಟಿನ ಗುಂಡಿ ಒತ್ತಿ ಒತ್ತಿ ಸಾಕಾಗಿ, ಮೆಟ್ಟಿಲಿಳಿಯಲು ಹೋಗಿ ಬಿದ್ದಿದ್ದಿರಿ. ಸೊಂಟದ ಮೂಳೆ ಮುರಿದಿತ್ತು.

ಮೂಳೆ ಕೂಡಿಕೊಂಡರೆ ಮತ್ತೆ ಓಡಾಡುತ್ತಾರೆ ಎಂದರು ಡಾಕ್ಟರು. ಅಷ್ಟರೊಳಗೆ ಡಬ್ಬಿಯನ್ನು ಸರಿ ಮಾಡಿಯೇ ತೀರುತ್ತೇನೆಂದು ಹಟ ಹಿಡಿದೆ. ಕತ್ತರಿ ಹಿಡಿದ ಕೈ ನನ್ನದು, ಏನು ಗೊತ್ತಿತ್ತು? ಮೊಬೈಲಿನಲ್ಲಿ ಯಾರ್ಯಾರೋ ಹೇಳಿಕೊಟ್ಟದ್ದನ್ನು ನೋಡಿ ಬರೆಯುವುದು, ಅದು ಕೆಡುವುದು, 'ದರಿದ್ರದ್ದೇ' ಎಂದು ನಾನು ಡಬ್ಬಿಗೆ ಬೈಯುವುದು. ಆಗೊಂದು ದಿನ ಮಂಚದಿಂದ ನಿಮ್ಮ ದನಿ ಕೇಳಿತು. "ಬೈಬೇಡ್ವೇ ಅದಕ್ಕೆ. ಪಾಪ, ಒಂದ್ಸಲ ಕೇಳಿ ಸುಮ್ನಾಗಿದೆ. ಮತ್ತೆ ಮತ್ತೆ ಕೇಳು ಅಂತ ಹೇಳ್ಕೊಡು." ಎಷ್ಟೋ ಕಾಲದಿಂದ ನನ್ನನ್ನು ಪರಕೀಯಳಂತೆ ಬನ್ನಿ ಹೋಗಿ ಎನ್ನುತ್ತಿದ್ದವರು ನೀವು. "ರೀ" ಎಂದು ಓಡಿ ಬಂದೆ. ಅಷ್ಟರಲ್ಲಿ ಗೋಡೆ ನೋಡುತ್ತಾ ಮಲಗಿದ್ದಿರಿ.

ನೀವು ಹೇಳಿದ್ದನ್ನೇ ಬರೆದೆ. ಆಗಾಗ ವೈಫೈ ಪೆಟ್ಟಿಗೆಯನ್ನು ಕೂಗು. ಓಗೊಡದಿದ್ದರೆ ನಿನ್ನ ವೈಫೈಯನ್ನು ನೀನೇ ಆರಿಸಿ ಹಚ್ಚಿಕೊಂಡು ಮತ್ತೆ ಕೂಗು. ಪೆಟ್ಟಿಗೆಯ ವಯರು ಕಿತ್ತೆ, ಮತ್ತೆ ಸಿಕ್ಕಿಸಿದೆ, ಕಾದೆ. ಬಾಗಿಲು ತೆರೆದೆ. ಮೊಬೈಲ್ ಹೊಡೆದುಕೊಂಡಿತು.

ನಿಮ್ಮ ಹತ್ತಿರ ಬಂದು ಸರಿಹೋಯ್ತು ಎಂದೆ. ನನ್ನನ್ನು ನೋಡಿ ಬಹಳ ಮರ್ಯಾದೆಯಿಂದ ಕೇಳಿದಿರಿ: "ಒಳ್ಳೇದಾಯ್ತಮ್ಮ. ನಿಮ್ಮ ಮನೆಯವರಿಗೆ ಹೇಳಿದ್ರಾ?"

ಹೇಳ್ತೀನಿ ಎಂದೆ. ಅದಕ್ಕೇ ಈ ಕಾಗದ.

ಮೂಳೆ ಕೂಡಿಕೊಂಡಿತು, ಆದರೆ ನಡೆಯುವುದೇ ನಿಮಗೆ ಮರೆತುಹೋಗಿದೆ. ಇನ್ನು ಏಳುವುದಿಲ್ಲ ಎಂದು ಡಾಕ್ಟರು ನಿನ್ನೆ ಬಾಯಿಬಿಟ್ಟು ಹೇಳಿದರು. ಹೊಲಿಗೆ ಯಂತ್ರವನ್ನು ನಿಮ್ಮ ಮಂಚದ ಪಕ್ಕಕ್ಕೇ ತಂದುಕೊಂಡಿದ್ದೇನೆ. ಈಗ ಬಾಗಿಲು ತೆರೆಯುವವಳು ನಾನೊಬ್ಬಳೇ, ನಾನು ಹೊರಟ ಸುದ್ದಿಯನ್ನು ಡಬ್ಬಿ ನನಗೇ ಮುಟ್ಟಿಸುತ್ತದೆ. ಇವತ್ತೂ ಕರೆಂಟ್ ಹೋಗಿ ಬಂತು, ತಾನಾಗಿಯೇ ವೈಫೈ ಹುಡುಕಿಕೊಂಡಿತು. ಆ ಮೊಬೈಲ್ ಹೊಡೆದುಕೊಳ್ಳದಿರಲಿ ಎಂದು ಒಂದು ಕಾಲದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಹೊಲಿಯುತ್ತಿದ್ದೆ. ಈಗ ದಾರ ತರಲು ಹೋದಾಗ ಅಂಗಡಿಯ ಮುಂದೆ ಅದನ್ನೇ ನೋಡುತ್ತಾ ನಿಲ್ಲುತ್ತೇನೆ.

ಒಂದೇ ಒಂದು ಸಲ ಹೊರಟುಬಿಡಿ. ಎಲ್ಲಿಗಾದರೂ ಸರಿ, ಹುಡುಕಿಕೊಂಡು ಬರುತ್ತೇನೆ. ಬಾಗಿಲಿಗೆ ಚಿಲಕ ಹಾಕಿಲ್ಲ.

ನಿಮ್ಮ ಕಾಲಿಗೆ ನನ್ನ ಆಯಸ್ಸು ಬರಲಿ.

ಪಕ್ಕದಲ್ಲೇ ಕುಳಿತಿರುವ,
ನಿಮ್ಮ ಮನೆಯವಳು